ಕ್ಯಾಮೆರಾ ಕದಲಬೇಕಾದದ್ದು ಯಾವಾಗ?

ಕೇಳುಗರೇ, ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಈಗ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ತುಂಬ ಜನ ಇದ್ದಾರೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ. ಜಾಸ್ತಿ ಜನ ಫೋನಿನಲ್ಲೇ ತೆಗೆಯುತ್ತಾರೆ. ಜೊತೆಗೆ ಫೋನು ಅಲುಗದಂತೆ ಹಿಡಿಯುವ ಗಿಂಬಲ್ ಒಂದು ಇರುತ್ತದೆ. ಯಾರೋ ಗೆಳೆಯನ ಹತ್ತಿರ ಡ್ರೋನ್ ಇರುತ್ತದೆ. ಇವರು ಮಾಡಿದ್ದನ್ನು ನಾನು ಹುಡುಕಿಕೊಂಡು ನೋಡುತ್ತೇನೆ. ಕಥೆ ಚೆನ್ನಾಗಿರುತ್ತದೆ, ಮಾತು ನಮ್ಮ ಊರಿನದೇ ಆಗಿರುತ್ತದೆ, ಅದೇ ದೊಡ್ಡ ಖುಷಿ. ಆದರೆ ನೋಡುತ್ತಾ ಹೋದಂತೆ ಒಂದು ಪ್ರಶ್ನೆ ಏಳುತ್ತದೆ. ಈ ಕ್ಯಾಮೆರಾ ಯಾಕೆ ಇಷ್ಟು ಓಡಾಡುತ್ತಿದೆ? ಅಜ್ಜ ಜಗಲಿಯಲ್ಲಿ ಸುಮ್ನೆ ಕೂತಿದ್ದಾನೆ, ಕ್ಯಾಮೆರಾ ಅವನ ಸುತ್ತ ಪ್ರದಕ್ಷಿಣೆ ಹಾಕುತ್ತಿದೆ. ಅಜ್ಜನ ಮುಖದಲ್ಲಿ ಏನೋ ನಡೆಯುತ್ತಿದೆ, ಅದನ್ನು ನೋಡೋಣ ಅಂದರೆ ಅಷ್ಟರಲ್ಲಿ ನಾವು ಅವನ ಬೆನ್ನಿನ ಹಿಂದೆ ಇರುತ್ತೇವೆ.

ಕ್ಯಾಮೆರಾ ಕದಲಬಾರದು ಅಂತ ನಾನು ಹೇಳುತ್ತಿಲ್ಲ. ಕದಲುವ ಕ್ಯಾಮೆರಾ ಸಿನಿಮಾದ ಬಹಳ ದೊಡ್ಡ ಶಕ್ತಿ. ನಾನು ಕೇಳುವುದು ಇಷ್ಟೇ: ಹೊರಟ ಜಾಗದಲ್ಲಿ ನಮಗೆ ಗೊತ್ತಿರದ ಏನೋ ಒಂದು, ತಲುಪಿದ ಜಾಗದಲ್ಲಿ ಗೊತ್ತಾಗಬೇಕು. ಒಂದು ವಸ್ತು ಕಾಣಬಹುದು, ಒಂದು ಮನಸ್ಸು ತಿಳಿಯಬಹುದು. ಏನೂ ಗೊತ್ತಾಗಲಿಲ್ಲ ಅಂದರೆ ಆ ಓಟ ಕಥೆಯದಲ್ಲ, ಯಂತ್ರದ್ದು.

ಕ್ಯಾಮೆರಾ ಕದಲಿಸುವ ಈ ಆಸೆ ಸಿನಿಮಾದಷ್ಟೇ ಹಳೆಯದು. 1896ರಲ್ಲಿ ಲೂಮಿಯೇರ್ ಸಹೋದರರ ಕ್ಯಾಮೆರಾಮನ್ ಅಲೆಕ್ಸಾಂಡರ್ ಪ್ರೊಮಿಯೋ ವೆನಿಸ್‌ನಲ್ಲಿ ಕ್ಯಾಮೆರಾವನ್ನು ದೋಣಿಯಲ್ಲಿಟ್ಟು ದಡದ ಮನೆಗಳನ್ನು ಚಿತ್ರಿಸಿದ. ಕ್ಯಾಮೆರಾ ನಿಂತಲ್ಲೇ ಇತ್ತು, ದೋಣಿ ಅದನ್ನು ಹೊತ್ತು ಸಾಗಿತು. ತದಡಿಯಿಂದ ಅಘನಾಶಿನಿಗೆ ದಾಟುವ ದೋಣಿಯಲ್ಲಿ ಕೂತು ನೀವೂ ಇದನ್ನೇ ಮಾಡಬಹುದು, ಗಿಂಬಲ್ ಕೂಡ ಬೇಡ. 1924ರಲ್ಲಿ ಜರ್ಮನಿಯ ನಿರ್ದೇಶಕ ಮುರ್ನೌ 'ದಿ ಲಾಸ್ಟ್ ಲಾಫ್' ಚಿತ್ರದಲ್ಲಿ ಇನ್ನೂ ಮುಂದೆ ಹೋದರು. ಅವರ ಕ್ಯಾಮೆರಾಮನ್ ಕಾರ್ಲ್ ಫ್ರಾಯಿಂಡ್ ಕ್ಯಾಮೆರಾವನ್ನು ಎದೆಗೇ ಕಟ್ಟಿಕೊಂಡರು. ಕಥೆ ಒಬ್ಬ ಮುದುಕನದು. ದೊಡ್ಡ ಹೋಟೆಲಿನ ಬಾಗಿಲು ಕಾಯುವವನು, ಮೈಮೇಲಿನ ಸಮವಸ್ತ್ರವೇ ಅವನ ಮರ್ಯಾದೆ. ಆ ಕೆಲಸ ಕೈತಪ್ಪುತ್ತದೆ. ಅವನು ಕುಡಿದು ತೂರಾಡುವಾಗ ಕ್ಯಾಮೆರಾವೂ ತೂರಾಡುತ್ತದೆ. ಅಲ್ಲಿ ಕ್ಯಾಮೆರಾ ಅವನನ್ನು ಹೊರಗಿನಿಂದ ನೋಡುತ್ತಿಲ್ಲ. ಅವನ ತಲೆಯೊಳಗೆ ಹೋಗಿದೆ. ನೂರು ವರ್ಷ ಹಳೆಯ ಮೂಕಿ ಚಿತ್ರ ಅದು. ಇವತ್ತು ನೋಡಿದರೂ ಅರ್ಥವಾಗುತ್ತದೆ, ಯಾಕೆಂದರೆ ಆ ಚಲನೆಗೆ ಕಾರಣ ಇದೆ.

ಈಗ ಚಲನೆಗಳ ಹೆಸರು ಬೇಗ ಹೇಳಿಬಿಡುತ್ತೇನೆ. ಸ್ಟ್ಯಾಂಡಿನ ಮೇಲೇ ಕ್ಯಾಮೆರಾ ಎಡಬಲಕ್ಕೆ ತಿರುಗಿದರೆ ಪ್ಯಾನ್, ಮೇಲೆ ಕೆಳಗೆ ತಿರುಗಿದರೆ ಟಿಲ್ಟ್. ಕ್ಯಾಮೆರಾವೇ ಜಾಗ ಬಿಟ್ಟು ಸಾಗಿದರೆ ನಮ್ಮ ಸೆಟ್ಟುಗಳಲ್ಲಿ ಟ್ರಾಲಿ ಅನ್ನುತ್ತಾರೆ. ಎತ್ತರಕ್ಕೆ ಹೋಗಲು ಕ್ರೇನ್, ಜಿಮ್ಮಿ ಜಿಬ್. ಝೂಮ್ ಮಾತ್ರ ಬೇರೆ ಜಾತಿ. ಝೂಮಿನಲ್ಲಿ ಕ್ಯಾಮೆರಾ ಕದಲುವುದೇ ಇಲ್ಲ, ಲೆನ್ಸು ಚಿತ್ರವನ್ನು ಹಿಗ್ಗಿಸುತ್ತದೆ ಅಷ್ಟೆ.

ಟ್ರಾಲಿಗೂ ಝೂಮಿಗೂ ಏನು ವ್ಯತ್ಯಾಸ ಅಂತ ತುಂಬ ಜನ ಕೇಳುತ್ತಾರೆ. ಕೊಂಕಣ ರೈಲಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಇದು ಆಗಲೇ ಗೊತ್ತಿದೆ. ಹಳಿಯ ಪಕ್ಕದ ತೆಂಗಿನ ಮರ ಸರ್ರನೆ ಹಿಂದೆ ಹೋಗುತ್ತದೆ. ಅದರಾಚೆಯ ಗದ್ದೆ ನಿಧಾನವಾಗಿ ಸರಿಯುತ್ತದೆ. ಸಹ್ಯಾದ್ರಿ ಬೆಟ್ಟ ಕದಲಿದ ಹಾಗೇ ಕಾಣುವುದಿಲ್ಲ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಇದರಿಂದಲೇ ಜಾಗಕ್ಕೆ ಆಳ ಇದೆ, ನಾವು ಅದರೊಳಗೆ ಸಾಗುತ್ತಿದ್ದೇವೆ ಅನ್ನುವುದು ಕಣ್ಣಿಗೆ ತಿಳಿಯುತ್ತದೆ. ಟ್ರಾಲಿಯಲ್ಲಿ ಇದು ಸಿಗುತ್ತದೆ. ಝೂಮಿನಲ್ಲಿ ಮರ, ಗದ್ದೆ, ಬೆಟ್ಟ ಎಲ್ಲಾ ಒಂದೇ ಸಮನೆ ದೊಡ್ಡದಾಗುತ್ತವೆ. ಹಾಗಾಗಿ ಟ್ರಾಲಿ ಅಂದರೆ ನಾವು ಎದ್ದು ಒಬ್ಬರ ಹತ್ತಿರ ಹೋದಂತೆ. ಝೂಮ್ ಅಂದರೆ ಇದ್ದಲ್ಲೇ ಇದ್ದು ದಿಟ್ಟಿಸಿದಂತೆ. ಎರಡಕ್ಕೂ ಕೆಲಸ ಇದೆ, ಆದರೆ ಕೆಲಸ ಬೇರೆ ಬೇರೆ.

ಸರಿ, ಒಂದು ದೃಶ್ಯ ಕಟ್ಟೋಣ. ಬೈತಖೋಲ ಬಂದರಿನ ಹತ್ತಿರ ಒಂದು ಮನೆ. ಸಂಜೆ ಹೊತ್ತು. ಅಡುಗೆಮನೆಯ ನೆಲದ ಮೇಲೆ ಅವ್ವ ಮೆಟ್ಟುಗತ್ತಿ ಇಟ್ಟುಕೊಂಡು ಬಂಗುಡೆ ಕೊಯ್ಯುತ್ತಿದ್ದಾಳೆ. ಮಗ ಬಾಗಿಲಲ್ಲಿ ನಿಂತಿದ್ದಾನೆ. ಬೋಟಿನ ಕೆಲಸ ಅವನಿಗೆ ಸಾಕಾಗಿದೆ. "ಅವ್ವಾ, ನಾಳೆ ಗೋವೆಗೆ ಹೋಗ್ತೆ" ಅನ್ನುತ್ತಾನೆ. ಅವ್ವ ಮಾತಾಡುವುದಿಲ್ಲ. ಕೊಯ್ಯುವ ಕೈ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಕೊಯ್ಯಲು ಶುರು ಮಾಡುತ್ತಾಳೆ. ಇಷ್ಟೇ ದೃಶ್ಯ.

ಮೊದಲು ಕ್ಯಾಮೆರಾ ಕದಲಿಸದೆ ತೆಗೆಯೋಣ. ಕ್ಯಾಮೆರಾವನ್ನು ಕೂತ ಅವ್ವನ ಕಣ್ಣಿನ ಎತ್ತರಕ್ಕೆ ಇಳಿಸಿ ಇಟ್ಟುಬಿಡಿ. ಅವ್ವನ ಕೈ ಮುಂದೆ, ಹಿಂದೆ ಬಾಗಿಲಲ್ಲಿ ಮಗ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ. ಇಲ್ಲಿ ಯಾರನ್ನು ನೋಡಬೇಕು ಅಂತ ನೀವು ಹೇಳುತ್ತಿಲ್ಲ. ಆ ಕೈ ನಿಂತದ್ದನ್ನು ನೋಡುವವರು ತಾವೇ ಗಮನಿಸುತ್ತಾರೆ. ತಾವೇ ಕಂಡುಕೊಂಡದ್ದು ಮನಸ್ಸಿನಲ್ಲಿ ಬಹಳ ದಿನ ಉಳಿಯುತ್ತದೆ. ಇದರಲ್ಲಿ ಕಥೆ ಇಬ್ಬರಿಗೂ ಸೇರಿದ್ದು.

ಎರಡನೆಯದು, ಕ್ಯಾಮೆರಾ ಅವ್ವನ ಕಡೆಗೆ ನಿಧಾನವಾಗಿ ಸರಿಯುತ್ತದೆ. ಇಲ್ಲಿ ಎಲ್ಲಾ ಇರುವುದು ಯಾವಾಗ ಹೊರಡುತ್ತದೆ ಅನ್ನುವುದರಲ್ಲಿ. ಮಗ ಬಾಯಿ ತೆರೆಯುವ ಮೊದಲೇ ಹೊರಟರೆ, ಏನೋ ಆಗಲಿದೆ ಅಂತ ಕ್ಯಾಮೆರಾ ಡಂಗುರ ಸಾರಿದ ಹಾಗಾಯಿತು. ಮಾತು ಮುಗಿದ ಕೂಡಲೇ ಹೊರಟರೂ ಅವಸರವೇ. ಅವ್ವನ ಕೈ ನಿಲ್ಲಲಿ. ಅದು ನಿಂತದ್ದು ನಮಗೆ ಕಾಣಲಿ. ಆಮೇಲೆ ಹೊರಡಲಿ. ಆಗ ಕ್ಯಾಮೆರಾ ನಮ್ಮ ಜೊತೆಯಲ್ಲೇ ಗಮನಿಸಿತು, ನಮ್ಮ ಜೊತೆಯಲ್ಲೇ ಹತ್ತಿರ ಹೋಯಿತು ಅನ್ನಿಸುತ್ತದೆ. ಕೈ ಮತ್ತೆ ಶುರುವಾದಾಗ ಕ್ಯಾಮೆರಾ ನಿಲ್ಲಬೇಕು. ಎರಡು ಮೂರು ಅಡಿ ಸರಿದರೆ ಸಾಕು, ಕಣ್ಣಿನ ತನಕ ನುಗ್ಗಬೇಕಿಲ್ಲ. ಈಗ ಇದು ಅವ್ವನ ಕಥೆ.

ಮೂರನೆಯದು ನನಗೆ ಬಹಳ ಇಷ್ಟ. ಅವ್ವನ ಮೇಲೆ ಶುರು ಮಾಡಿ, ಮಾತು ಕೇಳುತ್ತಿರುವಾಗಲೇ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆ. ಬಾಗಿಲಿನ ಚೌಕಟ್ಟು ಬರುತ್ತದೆ, ಮಗ ಬರುತ್ತಾನೆ, ಅವನ ಹಿಂದಿನ ಕೋಣೆ ಬರುತ್ತದೆ. ಅಲ್ಲಿ ಮಂಚದ ಮೇಲೆ ಬಟ್ಟೆ ತುಂಬಿ ಜಿಪ್ ಎಳೆದ ಬ್ಯಾಗು. ಅವನು ಅವ್ವನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದಾನೆ. ಒಂದು ಮಾತೂ ಜಾಸ್ತಿ ಆಡದೆ ಅದು ಗೊತ್ತಾಯಿತು. ಆದರೆ ಇದಕ್ಕೊಂದು ಷರತ್ತು ಇದೆ. ಮೊದಲ ಚೌಕಟ್ಟಿನಲ್ಲಿ ಆ ಬ್ಯಾಗಿನ ಹಿಡಿ ಕೂಡ ಕಾಣಬಾರದು. ಕಂಡರೆ ಇಡೀ ಚಲನೆ ವ್ಯರ್ಥ.

ಇದೇ ದೃಶ್ಯಕ್ಕೆ ಅವ್ವನ ಸುತ್ತ ಕ್ಯಾಮೆರಾ ಸುತ್ತಿಸಿ ನೋಡಿ. ಯಾರು ಹಾಗೆ ಸುತ್ತುತ್ತಿದ್ದಾರೆ? ಮಗ ಅಲ್ಲ. ನೋಡುವ ನಾವೂ ಅಲ್ಲ, ಅಂಥ ಹೊತ್ತಿನಲ್ಲಿ ಯಾರೂ ಒಬ್ಬರ ಸುತ್ತ ಸುತ್ತುವುದಿಲ್ಲ. ಉತ್ತರ ಸಿಗಲಿಲ್ಲ ಅಂದರೆ ಆ ಶಾಟ್ ಬೇಡ.

ಕಾರವಾರದಲ್ಲಿ ಕೂತು ಈ ಮಾತಾಡುವಾಗ ರವೀಂದ್ರನಾಥ ಟ್ಯಾಗೋರರು ನೆನಪಾಗುತ್ತಾರೆ. ಇಪ್ಪತ್ತು ದಾಟಿದ ಹರೆಯದಲ್ಲಿ ಅವರು ಇಲ್ಲಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದರು. ಕಡಲತೀರಕ್ಕೆ ಇವತ್ತಿಗೂ ಟ್ಯಾಗೋರರ ಹೆಸರೇ ಇದೆ. ಅವರು ಮುಂದೆ ಬರೆದ ಒಂದು ಕಥೆಯನ್ನು ಸತ್ಯಜಿತ್ ರಾಯ್ 1964ರಲ್ಲಿ 'ಚಾರುಲತಾ' ಅಂತ ಸಿನಿಮಾ ಮಾಡಿದರು. ಕ್ಯಾಮೆರಾ ಸುಬ್ರತ ಮಿತ್ರ ಅವರದು. ಚಲನೆ ಕಲಿಯುವವರು ಅದರ ಮೊದಲ ಕೆಲವು ನಿಮಿಷಗಳನ್ನು ಮತ್ತೆ ಮತ್ತೆ ನೋಡಬೇಕು.

ದೊಡ್ಡ ಮನೆ, ಒಬ್ಬಳೇ ಹೆಂಡತಿ, ಮಧ್ಯಾಹ್ನದ ಬೇಸರ. ಚಾರು ಕೈಯಲ್ಲಿ ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ, ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಕ್ಯಾಮೆರಾ ಅವಳ ಜೊತೆ ಓಡುತ್ತದೆ. ಆಮೇಲೆ ಗಂಡ ಪುಸ್ತಕ ಓದುತ್ತಾ ಅವಳ ಪಕ್ಕದಲ್ಲೇ ಹಾದು ಹೋಗುತ್ತಾನೆ, ಹೆಂಡತಿ ಅಲ್ಲಿರುವುದು ಅವನಿಗೆ ತಿಳಿಯುವುದೇ ಇಲ್ಲ. ಅವಳು ದುರ್ಬೀನು ಎತ್ತಿ ಅವನ ಬೆನ್ನನ್ನು ನೋಡುತ್ತಾಳೆ. ಇಷ್ಟು ಹೊತ್ತು ಬೀದಿಯ ಜನರನ್ನು ನೋಡಿದ ದುರ್ಬೀನಿನಲ್ಲೇ ಗಂಡನನ್ನೂ ನೋಡಬೇಕಾಗಿ ಬಂದಿದೆ. ಅವಳು ಅದನ್ನು ಕೆಳಗಿಳಿಸುತ್ತಾಳೆ. ತಕ್ಷಣ ಚಿತ್ರ ಅವಳಿಂದ ಸರ್ರನೆ ಹಿಂದಕ್ಕೆ ಹೋಗುತ್ತದೆ. ಅವಳು ಚಿಕ್ಕವಳಾಗುತ್ತಾಳೆ, ಮನೆ ದೊಡ್ಡದಾಗುತ್ತದೆ. ಗಂಡ ಹೆಂಡತಿ ನಡುವಿನ ದೂರ ಎಷ್ಟು ಅಂತ ಆ ಒಂದೇ ಚಲನೆ ಹೇಳಿಬಿಟ್ಟಿತು.

ಅದೇ ಚಿತ್ರದಲ್ಲಿ ಚಾರು ತೋಟದ ಉಯ್ಯಾಲೆಯಲ್ಲಿ ಜೀಕುವ ದೃಶ್ಯ ಇದೆ. ಕ್ಯಾಮೆರಾವೂ ಉಯ್ಯಾಲೆಯ ಜೊತೆಗೇ ಜೀಕುತ್ತದೆ. ಅವಳ ಮುಖ ಚೌಕಟ್ಟಿನಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ತೋಟ ತೂಗುತ್ತದೆ. ಅವಳ ಮನಸ್ಸಿನಲ್ಲಿ ಆಗ ಏನೋ ಕದಲಲು ಶುರುವಾಗಿದೆ. ಇನ್ನು ಚಿತ್ರದ ಕೊನೆ. ಗಂಡ ಹೆಂಡತಿ ಕೈ ಚಾಚುತ್ತಾರೆ, ಕೈ ಕೈ ಸೇರುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಇಷ್ಟು ಚೆನ್ನಾಗಿ ಕದಲಿದ ಕ್ಯಾಮೆರಾ ಆದ್ದರಿಂದಲೇ ಅದು ನಿಂತಾಗ ಎದೆಗೆ ತಟ್ಟುತ್ತದೆ.

ನಮ್ಮ ಮೈಸೂರಿನ ವಿ. ಕೆ. ಮೂರ್ತಿ ಅವರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಗುರುದತ್ತರ ಕ್ಯಾಮೆರಾಮನ್, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ 'ಕಾಗಜ್ ಕೆ ಫೂಲ್' ಚಿತ್ರದ ಖಾಲಿ ಸ್ಟುಡಿಯೋದಲ್ಲಿ ಅವರು ಬೀಳಿಸಿದ ಬೆಳಕಿನ ಕಂಬವನ್ನು ಎಲ್ಲರೂ ಹೊಗಳುತ್ತಾರೆ. ಆ ಬೆಳಕಿನಷ್ಟೇ ಅಲ್ಲಿನ ಕ್ಯಾಮೆರಾದ ನಿಧಾನವನ್ನೂ ನೋಡಿ. ಇಬ್ಬರು ದೂರ ದೂರ ನಿಂತಿದ್ದಾರೆ, ಹತ್ತಿರ ಬರುವ ಹಾಗಿಲ್ಲ. ಅವರು ಇಡಲಾರದ ಹೆಜ್ಜೆಯನ್ನು ಕ್ಯಾಮೆರಾ ಇಡುತ್ತದೆ.

ಮುಚ್ಚಿಟ್ಟು ಆಮೇಲೆ ತೋರಿಸುವ ವಿದ್ಯೆ ನಮಗೆ ಹೊಸದೇನಲ್ಲ. ಯಕ್ಷಗಾನದ ಒಡ್ಡೋಲಗ ನೆನಪಿಸಿಕೊಳ್ಳಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲ್ಗಡೆ ಕಿರೀಟದ ತುದಿ ಮಾತ್ರ ಕಾಣುತ್ತದೆ, ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಕಾಲು. ಪೂರ್ತಿ ವೇಷ ಯಾವಾಗ ಕಾಣಬೇಕು ಅನ್ನುವುದನ್ನು ಭಾಗವತರು, ಚೆಂಡೆಯವರು, ವೇಷಧಾರಿ ಸೇರಿ ನಡೆಸುತ್ತಾರೆ. ಹೊನ್ನಾವರದ ಕಡೆ ಆಟ ನೋಡಿ ಬೆಳೆದ ಹುಡುಗನಿಗೆ ಒಂದನ್ನು ಎಷ್ಟು ಹೊತ್ತು ಮುಚ್ಚಿಡಬೇಕು ಅನ್ನುವುದು ರಕ್ತದಲ್ಲೇ ಇರಬೇಕು. ಅದನ್ನೇ ಕ್ಯಾಮೆರಾಕ್ಕೂ ತನ್ನಿ. ಮುಚ್ಚಿಡಿ, ಕಾಯಿಸಿ, ಆಮೇಲೆ ಸರಿಸಿ ತೋರಿಸಿ.

ಕೈಯಲ್ಲೇ ಹಿಡಿದು ತೆಗೆಯುವ ಕ್ಯಾಮೆರಾಕ್ಕೂ ಅದರದೇ ಜಾಗ ಇದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ತೇರು ಬಿಡ್ಕಿಬಯಲಿಗೆ ಹೊರಟಾಗ ಜನಸಾಗರದ ನಡುವೆ ಒಬ್ಬ ತಾಯಿ ಕೈಬಿಟ್ಟುಹೋದ ಮಗುವನ್ನು ಹುಡುಕುತ್ತಿದ್ದಾಳೆ ಅಂದುಕೊಳ್ಳಿ. ಆಗ ಕ್ಯಾಮೆರಾ ಅಲುಗಲಿ, ಜನರ ಭುಜ ತಾಗಲಿ, ಒಂದು ಗಳಿಗೆ ಅವಳೂ ತಪ್ಪಿ ಹೋಗಲಿ. ಗಿಂಬಲ್ ಹಾಕಿ ನೀರಿನ ಮೇಲೆ ತೇಲಿದ ಹಾಗೆ ತೆಗೆದರೆ ಅವಳ ಗಾಬರಿ ನಮಗೆ ತಟ್ಟುವುದಿಲ್ಲ. ಅದೇ ಸೋಂದಾ ಮಠದ ಕಡೆಗೆ ಮುಂಜಾನೆ ನಡೆದು ಹೋಗುವವನ ಹಿಂದೆ ಗಿಂಬಲ್ ಚೆಂದ. ಆದರೆ ಒಂದು ಗೊತ್ತಿರಲಿ. ಫೋನಿನ ಗಿಂಬಲ್ಲಿನ ಮೋಟಾರುಗಳು ಓರೆಯಾಗುವುದನ್ನು, ತಿರುಗುವುದನ್ನು ತಡೆಯುತ್ತವೆ. ಹೆಜ್ಜೆ ಹಾಕುವಾಗ ಆಗುವ ಮೇಲೆ ಕೆಳಗಿನ ಕುಪ್ಪಳಿಕೆಯನ್ನು ತಡೆಯುವುದಿಲ್ಲ. ಅದಕ್ಕೆ ನಿಮ್ಮ ಮೊಣಕಾಲೇ ಗತಿ. ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿನ ತನಕ ಪಾದ ಊರಿ ನಡೆಯಿರಿ.

ಡ್ರೋನ್ ಬಗ್ಗೆಯೂ ಹೇಳಬೇಕು. ಕಾಳಿ ನದಿ ಕಡಲು ಸೇರುವ ಜಾಗ ಮೇಲಿನಿಂದ ಅದ್ಭುತವಾಗಿ ಕಾಣುತ್ತದೆ, ನಿಜ. ಆದರೆ ಎಲ್ಲಾ ಚಿತ್ರಗಳೂ ಅಲ್ಲಿಂದಲೇ ಶುರುವಾದರೆ ಹೇಗೆ? ಮೇಲಿನಿಂದ ನೋಡಿದರೆ ಮನುಷ್ಯ ಚಿಕ್ಕವನಾಗುತ್ತಾನೆ. ನಿಮ್ಮ ಕಥೆಗೆ ಅವನು ಚಿಕ್ಕವನಾಗಿ ಕಾಣುವುದು ಬೇಕಾದಾಗ ಮೇಲೆ ಹೋಗಿ. ರಾಂಪಣಿ ಬಲೆ ಎಳೆಯುವುದನ್ನೇ ತೆಗೆದುಕೊಳ್ಳಿ. ದಡದಲ್ಲಿ ಹಗ್ಗಕ್ಕೆ ಎದೆಯೊಡ್ಡಿದವರ ಜೊತೆ, ಅವರ ಎತ್ತರದಲ್ಲೇ ಇದ್ದರೆ ದುಡಿಮೆ ಕಾಣುತ್ತದೆ. ಮೇಲೆ ಹೋದರೆ ಬಲೆಯ ದೊಡ್ಡ ಕಮಾನು ಕಾಣುತ್ತದೆ, ಎರಡು ತುದಿಯಲ್ಲಿ ಎಷ್ಟು ಜನ ಸೇರಿದ್ದಾರೆ ಅನ್ನುವುದು ಕಾಣುತ್ತದೆ. ಮೊದಲು ಬೆವರು, ಆಮೇಲೆ ಕಮಾನು. ಹಿಂದುಮುಂದು ಮಾಡಿದರೆ ಅದು ಬರೀ ಪ್ರವಾಸದ ಜಾಹೀರಾತು ಆಗುತ್ತದೆ. ಇನ್ನೊಂದು, ನಮ್ಮಲ್ಲಿ ನೌಕಾನೆಲೆ ಇದೆ, ಕೈಗಾ ಇದೆ. ಡ್ರೋನ್ ಹಾರಿಸುವ ಮುನ್ನ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಕೆಂಪೋ ಹಳದಿಯೋ ಹಸಿರೋ ಅಂತ ಕಡ್ಡಾಯವಾಗಿ ನೋಡಿ.

ಇನ್ನು ಕೈಗೆ ಉಪಯೋಗವಾಗುವ ಕೆಲವು ಮಾತು. ಸೆಕೆಂಡಿಗೆ 24 ಫ್ರೇಮಿನಲ್ಲಿ ಪ್ಯಾನ್ ಮಾಡುವಾಗ ಅವಸರ ಬೇಡ. ಒಂದು ಮರ ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು 7 ಸೆಕೆಂಡು ಹಿಡಿಯಲಿ, ಇಲ್ಲವಾದರೆ ಚಿತ್ರ ತಡವರಿಸುತ್ತದೆ. ಓಡುವವನ ಜೊತೆ ಪ್ಯಾನ್ ಮಾಡುವಾಗ ಈ ಲೆಕ್ಕ ಬೇಡ, ಕಣ್ಣು ಅವನ ಮೇಲಿರುತ್ತದೆ. ಮರಳಿನ ಮೇಲೆ ಟ್ರ್ಯಾಕ್ ಹಾಕುವುದಾದರೆ ಕೆಳಗೆ ಪ್ಲೈವುಡ್ ಹಲಗೆ ಹಾಸಿ, ಇಲ್ಲವಾದರೆ ಟ್ರಾಲಿ ಅರ್ಧ ದಾರಿಯಲ್ಲೇ ಹೂತುಕೊಳ್ಳುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೊದಲು ಗುರುತು ಮಾಡಿ, ಎಲ್ಲಿಂದ ಹೊರಡಬೇಕು ಅನ್ನುವುದು ಆಮೇಲೆ. ಹೊರಡುವ ಮೊದಲು ಮೂರು ಸೆಕೆಂಡು, ನಿಂತ ಮೇಲೆ ಮೂರು ಸೆಕೆಂಡು ಕ್ಯಾಮೆರಾ ಅಲುಗಾಡದೆ ಇರಲಿ. ಎಡಿಟಿಂಗ್ ಮಾಡುವವರಿಗೆ ಕತ್ತರಿ ಹಾಕಲು ಜಾಗ ಬೇಕು. ಮತ್ತೆ, ಚಲನೆ ಇಟ್ಟುಕೊಂಡ ಪ್ರತಿ ದೃಶ್ಯವನ್ನೂ ಕ್ಯಾಮೆರಾ ಕದಲಿಸದೆ ಒಮ್ಮೆ ತೆಗೆದಿಟ್ಟುಕೊಳ್ಳಿ. ಎಡಿಟಿಂಗ್‌ಗೆ ಕೂತಾಗ ಎರಡನ್ನೂ ಪಕ್ಕಪಕ್ಕದಲ್ಲಿ ಹಾಕಿ ನೋಡಿ ಆರಿಸಬಹುದು.

ನಮಸ್ಕಾರ.