ಸ್ಮಾರ್ಟ್ ಸಿಟಿಯಲ್ಲಿ ಇವತ್ತು ನೀರಿನ ಪಾಳಿ ಯಾರದು?

ನಮಸ್ಕಾರ.

ಹುಬ್ಬಳ್ಳಿಯಲ್ಲಿ ನಮ್ಮ ಅತ್ತೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಏಕಾದಶಿ, ಅಮಾವಾಸ್ಯೆ ಎಲ್ಲ ಅದರಲ್ಲಿ ಅಚ್ಚಾಗಿಯೇ ಬಂದಿವೆ. ಅದರ ಮೇಲೆ ಅತ್ತೆ ಕೆಂಪು ಪೆನ್ನಿನಲ್ಲಿ ಕೆಲವು ತಾರೀಕಿಗೆ ಸುತ್ತು ಹಾಕಿದ್ದಾರೆ. ಅವು ನೀರು ಬಿಡುವ ದಿನಗಳು. ಮಗಳ ನಿಶ್ಚಿತಾರ್ಥಕ್ಕೆ ಭಟ್ಟರು ಎರಡು ದಿನ ಹೇಳಿದಾಗ, ಅತ್ತೆ ಎದ್ದು ಹೋಗಿ ಬಾಗಿಲ ಹಿಂದೆ ನೋಡಿಕೊಂಡು ಬಂದು, "ಎರಡನೇದ್ದ ಇರಲಿರಿ, ಹಿಂದಿನ ದಿನ ನಳಾ ಬರತೈತಿ" ಅಂದರು. ಭಟ್ಟರೂ ತಲೆಯಾಡಿಸಿದರು. ಅವರ ಮನೆಯಲ್ಲೂ ಅಂಥದ್ದೇ ಕ್ಯಾಲೆಂಡರ್ ಇರಬೇಕು.

ಈ ಊರು ಸ್ಮಾರ್ಟ್ ಸಿಟಿ. ತಮಾಷೆ ಮಾಡುತ್ತಿಲ್ಲ, ಸರ್ಕಾರದ ಪಟ್ಟಿಯಲ್ಲೇ ಇದೆ. 2015ರ ಜೂನ್ 25ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಶುರು ಮಾಡಿತು. ದೇಶದಲ್ಲಿ 100 ಊರು. ನಮ್ಮ ರಾಜ್ಯದಿಂದ ಮೊದಲು ದಾವಣಗೆರೆ, ಬೆಳಗಾವಿ, ಆಮೇಲೆ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ 2017ರಲ್ಲಿ ಬೆಂಗಳೂರು. ಹಾಗಾದರೆ ಸ್ಮಾರ್ಟ್ ಸಿಟಿ ಅಂದರೇನು? ಮಿಷನ್‌ನ ಮಾರ್ಗಸೂಚಿ ತೆಗೆದು ನೋಡಿ. ಎಲ್ಲರೂ ಒಪ್ಪುವಂಥ ಅರ್ಥ ಇದಕ್ಕಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಪ್ರಾಮಾಣಿಕತೆ ಮೆಚ್ಚಬೇಕು.

ದುಡ್ಡಿನ ಲೆಕ್ಕ ನೋಡೋಣ. ಒಂದು ಊರಿಗೆ ಐದು ವರ್ಷದಲ್ಲಿ ಕೇಂದ್ರದಿಂದ 500 ಕೋಟಿ, ರಾಜ್ಯದ ಕಡೆಯಿಂದ ಇನ್ನೊಂದು 500 ಕೋಟಿ. ಸಾವಿರ ಕೋಟಿ ಅಂದರೆ ಕೇಳುವುದಕ್ಕೆ ದೊಡ್ಡದು. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡದಲ್ಲಿ ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಎರಡು ಸಾವಿರ ರೂಪಾಯಿ ಚಿಲ್ಲರೆ. ಬೇಸಿಗೆಯಲ್ಲಿ ನಾಲ್ಕು ಟ್ಯಾಂಕರ್ ತರಿಸಿದರೆ ಖರ್ಚಾಗಿ ಹೋಗುವಷ್ಟು.

ಇಷ್ಟು ದುಡ್ಡಿನಲ್ಲಿ ಇಡೀ ಊರು ಬದಲಾಗುವುದಿಲ್ಲ ಅಂತ ಯೋಜನೆ ಬರೆದವರಿಗೂ ಗೊತ್ತಿತ್ತು. ಅದಕ್ಕೇ ಒಂದು ಜಾಗ ಆರಿಸಿಕೊಂಡು ಅದನ್ನು ಚೆನ್ನಾಗಿ ಮಾಡಿ ಅಂದರು. ಇರುವ ಬಡಾವಣೆಯನ್ನೇ ಸುಧಾರಿಸುವುದಾದರೆ 500 ಎಕರೆಗಿಂತ ಜಾಸ್ತಿ ಇರಬೇಕು ಅನ್ನುವುದು ನಿಯಮ. ಹುಬ್ಬಳ್ಳಿ-ಧಾರವಾಡ ಸುಮಾರು 200 ಚದರ ಕಿಲೋಮೀಟರ್ ಇದೆ, ಅಂದರೆ ಹತ್ತಿರ ಹತ್ತಿರ 50,000 ಎಕರೆ. 500 ಎಕರೆ ಅಂದರೆ ನೂರಕ್ಕೆ ಒಂದು ಪಾಲು. ಅದರ ದುಪ್ಪಟ್ಟು ಮಾಡಿದರೂ ಎರಡೇ ಪಾಲು. ಉಳಿದ ತೊಂಬತ್ತೆಂಟು ಪಾಲಿನಲ್ಲಿ ಇರುವವರಿಗೆ ಏನು? ಅವರಿಗೆ ಹೆಸರು. ಅವರ ಬಸ್‌ಸ್ಟಾಪಿನ ಬೋರ್ಡಿನಲ್ಲೂ ಸ್ಮಾರ್ಟ್ ಸಿಟಿ ಅಂತಲೇ ಇರುತ್ತದೆ.

ನನ್ನ ತಕರಾರು ಇದೊಂದೇ. ಒಂದು ತುಂಡು ಚೆಂದ ಮಾಡಿ ತೋರಿಸಿದರೆ ಉಳಿದದ್ದು ಅದನ್ನು ನೋಡಿ ಚೆಂದ ಆಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ತಪ್ಪು. ತಪ್ಪು ಅಂತ ಹೇಳುವುದಕ್ಕೆ ಈ ಊರಿನಲ್ಲೇ ಆಗಲೇ ಸಾಕ್ಷಿ ಇತ್ತು.

2008ರಲ್ಲಿ, ಅಂದರೆ ಸ್ಮಾರ್ಟ್ ಅನ್ನುವ ಮಾತು ಬರುವುದಕ್ಕೆ ಏಳು ವರ್ಷ ಮುಂಚೆ, ವಿಶ್ವಬ್ಯಾಂಕ್ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಟ್ಟರು. ಮಾದರಿ ವಲಯ ಅಂತ ಕರೆದರು. ಮೂರೂ ಊರು ಸೇರಿ ನೂರಕ್ಕೆ ಹತ್ತು ಜನರಿಗೆ ಸಿಕ್ಕಿತು. ಮತ್ತೆ ಅದು ನಿಜಕ್ಕೂ ಕೆಲಸ ಮಾಡಿತು! ಹೊಸ ಪೈಪು ಹಾಕಿ, ಸೋರಿಕೆ ನಿಲ್ಲಿಸಿ, ಮನೆಮನೆಗೆ ಮೀಟರ್ ಇಟ್ಟರೆ ನಮ್ಮಂಥ ಊರಲ್ಲೂ ನಳ ತಿರುಗಿಸಿದಾಗೆಲ್ಲ ನೀರು ಬರುತ್ತದೆ ಅಂತ ಗೊತ್ತಾಯಿತು. ಇಡೀ ಊರಿಗೆ ಹಬ್ಬಿಸುವ ಯೋಜನೆಗೆ ವಿಶ್ವಬ್ಯಾಂಕ್ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಎಂಟು ವರ್ಷ ಬೇಕಾಯಿತು, ಅದೂ ಬರೀ ಒಪ್ಪಿಗೆಗೆ. ಅಷ್ಟು ದಿನ ಒಂದು ವಾರ್ಡಿನಲ್ಲಿ ಹಗಲೂ ರಾತ್ರಿ ನೀರು, ಪಕ್ಕದ ವಾರ್ಡಿನಲ್ಲಿ ಡ್ರಮ್ಮು, ಕೊಡ, ಹಂಡೆ, ಕೊನೆಗೆ ಕುಕ್ಕರಿನ ತನಕ ತುಂಬಿಡುವುದು.

ಆ ಕಡೆಯ ಮನೆಗಳಲ್ಲಿ ನಿಜವಾದ ಆ್ಯಪ್ ಯಾವುದು ಗೊತ್ತಾ? ವಾಲ್ವ್ ತಿರುಗಿಸುವ ಹುಡುಗನ ಫೋನ್ ನಂಬರ್. ಉದ್ದನೆಯ ಕಬ್ಬಿಣದ ಚಾವಿ ಹಿಡಿದು ಸೈಕಲ್ಲಿನಲ್ಲೋ ಬೈಕಿನಲ್ಲೋ ಬರುತ್ತಾನೆ. ರಸ್ತೆಯ ಮುಚ್ಚಳ ತೆಗೆದು, ಚಾವಿ ಇಳಿಸಿ, ಮೈಭಾರ ಹಾಕಿ ತಿರುಗಿಸುತ್ತಾನೆ. ಎರಡು ನಿಮಿಷ ನಳದಲ್ಲಿ ಬರೀ ಗಾಳಿಯ ಸದ್ದು. ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಅಷ್ಟರಲ್ಲಿ ಇಡೀ ಓಣಿ ಎಚ್ಚರ. 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಅನ್ನುವ ಪುಟ್ಟ ಸಂಸ್ಥೆ ಈ ಹುಡುಗರಿಂದಲೇ ಫೋನಿನಲ್ಲಿ ಮಾಹಿತಿ ಪಡೆದು, ನೀರು ಬರುವ ಮೊದಲು ಜನರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಹುಬ್ಬಳ್ಳಿಯಲ್ಲೇ ಶುರುವಾದದ್ದು. ಬಟನ್ ಫೋನ್ ಸಾಕಿತ್ತು. ನನ್ನ ಕೇಳಿದರೆ ಸ್ಮಾರ್ಟ್ ಅಂದರೆ ಅದು.

ಇಲ್ಲಿ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಅಂತ ಗಾದೆ ಹೇಳಿ ಎದ್ದುಬಿಡಬಹುದು. ಆದರೆ ಅದು ಪೂರ್ತಿ ನ್ಯಾಯವಲ್ಲ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹೊಸರೂಪ ಪಡೆದ ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಉದ್ಯಾನಕ್ಕೆ ಭಾನುವಾರ ಸಂಜೆ ಹೋಗಿ, ಮಕ್ಕಳು ಓಡಾಡುವುದು ನೋಡಿ, ಆಮೇಲೆ ಬೈಯಿರಿ. ತೋಳನಕೆರೆಯ ಸುತ್ತ ಬೆಳಿಗ್ಗೆ ನಡೆಯುವ ಹಿರಿಯರನ್ನು ಕೇಳಿ. ತುಮಕೂರಿನವರಿಗೆ ಅಮಾನಿಕೆರೆ ಇದೆ. ಉಣಕಲ್ ನಾಲೆಯ ಪಕ್ಕ ನಡೆಯುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಹಸಿರು ದಾರಿ ಅನ್ನುವ ಯೋಚನೆ ನನಗೆ ತುಂಬಾ ಹಿಡಿಸಿತು. ಈ ಮಿಷನ್‌ನಲ್ಲಿ ಕಟ್ಟಿದ ಕಂಟ್ರೋಲ್ ರೂಮುಗಳು ಹಲವು ಊರುಗಳಲ್ಲಿ ಕೋವಿಡ್ ಕಾಲದಲ್ಲಿ ವಾರ್ ರೂಮ್ ಆಗಿ ಉಪಯೋಗಕ್ಕೆ ಬಂದವು. ಇದೆಲ್ಲ ನಿಜ.

ಆದರೆ ಮೊದಲು ಯಾವುದು, ಆಮೇಲೆ ಯಾವುದು ಅಂತ ಹೇಳಿದವರು ಯಾರು? ನಾವು ಓಟು ಹಾಕಿದ ಕಾರ್ಪೊರೇಟರ್ ಅಂತೂ ಅಲ್ಲ. ಸ್ಮಾರ್ಟ್ ಸಿಟಿ ಕೆಲಸಕ್ಕೆ ಅಂತಲೇ ಪ್ರತಿ ಊರಿಗೂ ಒಂದು ಕಂಪನಿ ಮಾಡಿದರು. ರಾಜ್ಯದ್ದು ಅರ್ಧ ಪಾಲು, ಪಾಲಿಕೆಯದ್ದು ಅರ್ಧ. ಕೆಲಸ ಬೇಗ ಆಗಲಿ ಅಂತ. ಇನ್ನೊಂದು ವಿಷಯ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ 2019ರಲ್ಲಿ ಮುಗಿಯಿತು. ಚುನಾವಣೆ ಆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಬಂದದ್ದು 2022ರಲ್ಲಿ. ಕೆಲಸ ಭರದಿಂದ ನಡೆಯಬೇಕಾದ ವರ್ಷಗಳಲ್ಲಿ, "ನಮ್ಮ ಓಣಿಗೂ ಒಂದು ಪೈಪು ಹಾಕಿ" ಅಂತ ಬಾಗಿಲು ಬಡಿಯುವುದಕ್ಕೆ ಯಾರ ಮನೆಯೂ ಇರಲಿಲ್ಲ. ಬೆಂಗಳೂರಿನ ಕಥೆ ಇನ್ನೂ ಉದ್ದ. ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ.

ಮಿಷನ್ ಗಡುವು ಮುಂದೆ ಹೋಗಿ ಹೋಗಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಂಟ್ರೋಲ್ ರೂಮಿನ ಗೋಡೆ ತುಂಬ ಪರದೆಗಳು ಹಾಗೇ ಇವೆ. ನನ್ನದೊಂದು ಸಣ್ಣ ಬೇಡಿಕೆ. ಕ್ಯಾಮೆರಾ, ಟ್ರಾಫಿಕ್ ಎಲ್ಲ ಇರಲಿ. ಒಂದು ಪರದೆಯಲ್ಲಿ ಮಾತ್ರ ಇವತ್ತು ಯಾವ ವಾರ್ಡಿಗೆ ನೀರು ಬಂತು, ಯಾವ ವಾರ್ಡಿಗೆ ಎಷ್ಟು ದಿನದಿಂದ ಬಂದಿಲ್ಲ ಅಂತ ತೋರಿಸಿ. ಅದನ್ನೇ ಜನರ ಫೋನಿಗೂ ಬಿಡಿ.

ಇದನ್ನು ಅತ್ತೆಗೆ ಹೇಳಿದೆ. ಅವರು ಕೊಡ ತೊಳೆಯುತ್ತಿದ್ದರು. "ಛಲೋ ಆತು ಬಿಡು. ಅದರಾಗ ಆ ಚಾವಿ ಹುಡುಗನ ನಂಬರೂ ಹಾಕ್ತಾರೇನು? ಹೊಸಾ ನಂಬರ್ ತಗೊಂಡಾನಂತ, ನಮಗ ಕೊಟ್ಟಿಲ್ಲ ನೋಡು" ಅಂದರು.