ಬ್ಲ್ಯಾಕ್ ಸ್ಯಾಬತ್: ನಿಧಾನದ ತೂಕ

ಕೇಳುಗರಿಗೆಲ್ಲ ನಮಸ್ಕಾರ. ರಾಕ್ ಅಂದ ಕೂಡಲೇ ರೇಡಿಯೊ ಸದ್ದು ತಗ್ಗಿಸುವವರು ಇದ್ದೀರಿ, ಗೊತ್ತು. ಇವತ್ತೊಂದು ದಿನ ತಗ್ಗಿಸಬೇಡಿ. ಇಂಗ್ಲೆಂಡಿನ ಬ್ಲ್ಯಾಕ್ ಸ್ಯಾಬತ್ ತಂಡದ ಮೊದಮೊದಲ ಹಾಡುಗಳಲ್ಲಿ ಐದನ್ನು ಆರಿಸಿದ್ದೇನೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳುತ್ತೇನೆ. ನನ್ನ ಮುಖ್ಯ ಅಳತೆ ಇದು: ಹಾಡು ಎಷ್ಟು ನಿಧಾನ? ಈ ತಂಡದ ತೂಕವೆಲ್ಲ ಇರುವುದು ನಿಧಾನದಲ್ಲಿ.

ಮೊದಲನೆಯ ಸ್ಥಾನ ತಂಡದ ಹೆಸರನ್ನೇ ಹೊತ್ತ ಹಾಡಿಗೆ. 1970ರ ಫೆಬ್ರವರಿ 13ರಂದು ಬಂದ ಮೊದಲ ಆಲ್ಬಂನಲ್ಲಿ ಮೊದಲಿಗೇ ಬರುವ 'ಬ್ಲ್ಯಾಕ್ ಸ್ಯಾಬತ್'. ಮಳೆ, ಗುಡುಗು, ಗಂಟೆಯ ಸದ್ದು. ಆಮೇಲೆ ಗಿಟಾರ್ ನುಡಿಸುವುದು ಮೂರೇ ಸ್ವರ. ಸಂಗೀತ ಕಲಿತವರು ಈಗಲೇ ಹಾಡಿ ನೋಡಿ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಅಷ್ಟೇ! ನಮ್ಮ ಕಲ್ಯಾಣಿ ರಾಗದಲ್ಲೂ ಇದೇ ಮಧ್ಯಮ ಇದೆ. ಆದರೆ ಅಲ್ಲಿ ಅದಕ್ಕೆ ಅಕ್ಕಪಕ್ಕ ಗಾಂಧಾರ, ಪಂಚಮ ಇರುತ್ತವೆ. ಇಲ್ಲಿ ಅದನ್ನು ಒಂಟಿಯಾಗಿ ನಿಲ್ಲಿಸುತ್ತಾರೆ, ನಡುಗಿಸುತ್ತಾರೆ, ಮುಂದಕ್ಕೆ ಹೋಗದೆ ನಮ್ಮನ್ನು ಕಾಯಿಸುತ್ತಾರೆ. ಹೆದರಿಕೆ ಹುಟ್ಟುವುದು ಆ ಕಾಯುವಿಕೆಯಲ್ಲೇ. ಹಾಡಿನ ಕೊನೆಯಲ್ಲಿ ವೇಗ ಏರುತ್ತದೆ, ನಿಜ. ಅಷ್ಟರಲ್ಲಿ ಆಗಬೇಕಾದ ಕೆಲಸ ಆಗಿರುತ್ತದೆ.

ಗಿಟಾರ್ ನುಡಿಸಿದವರು ಟೋನಿ ಅಯೋಮಿ. ಇವರ ಕಥೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಅನ್ನುವ ಕಡೆಯ ಹುಡುಗ. ಹದಿನೇಳನೆಯ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಯುರೋಪಿಗೆ ಹೊರಟಿದ್ದ ಒಂದು ತಂಡದಲ್ಲಿ ನುಡಿಸುವ ಅವಕಾಶ ಸಿಕ್ಕಿ, ಕೆಲಸ ಬಿಟ್ಟಿದ್ದ. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಮತ್ತೆ ಹೋಗುವುದಿಲ್ಲ ಅಂದ. ಹಿಡಿದ ಕೆಲಸ ಪೂರ್ತಿ ಮುಗಿಸಿ ಬಾ ಅಂತ ತಾಯಿ ಕಳಿಸಿದರು. ಅಂದು ಬಾರದ ಯಾರದೋ ಜಾಗದಲ್ಲಿ, ಅಭ್ಯಾಸವಿಲ್ಲದ ಮೆಷಿನ್ ಮುಂದೆ ನಿಂತ. ಅದು ಬಲಗೈಯ ಎರಡು ಬೆರಳುಗಳ ತುದಿಯನ್ನು ಕಿತ್ತುಕೊಂಡಿತು, ನಡುಬೆರಳು ಮತ್ತು ಉಂಗುರದ ಬೆರಳು. ಹುಡುಗ ಎಡಗೈಯವನು. ಅಂದರೆ ತಂತಿ ಒತ್ತಬೇಕಾದ ಕೈಯೇ ಹೋಯಿತು!

ಗಿಟಾರ್ ಮರೆತುಬಿಡು ಅಂದರು ವೈದ್ಯರು. ಆಗ ಕಾರ್ಖಾನೆಯ ಫೋರ್‌ಮನ್ ಮನೆಗೆ ಒಂದು ರೆಕಾರ್ಡ್ ತಂದು, ಕೇಳು ಅಂದರು. ಹುಡುಗನಿಗೆ ಬೇಸರ, ಈಗ ಯಾರಿಗೆ ಬೇಕು ಸಂಗೀತ? ಅವರು ಬಿಡಲಿಲ್ಲ. ಅದು ಜ್ಯಾಂಗೋ ರೈನ್‌ಹಾರ್ಟ್ ನುಡಿಸಿದ ರೆಕಾರ್ಡ್. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡು, ಉಳಿದೆರಡು ಬೆರಳುಗಳಲ್ಲೇ ಯುರೋಪನ್ನು ಗೆದ್ದ ಗಿಟಾರ್ ವಾದಕ. ಟೋನಿ ಎದ್ದು ಕೂತ. ಸೋಪಿನ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳ ತುದಿಗೆ ಟೋಪಿ ಮಾಡಿಕೊಂಡ. ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು. ತೆಳು ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಯಾಂಜೋ ಅನ್ನುವ ವಾದ್ಯದ ತಂತಿ ಹಾಕಿದ. ಪ್ಲಾಸ್ಟಿಕ್ ತುದಿಗೆ ಸ್ಪರ್ಶ ಎಲ್ಲಿಂದ ಬರಬೇಕು? ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ತುಂಬು ಕಾರ್ಡುಗಳನ್ನು ಬಿಟ್ಟು, ಷಡ್ಜ ಪಂಚಮದ ಜೋಡಿಯನ್ನೇ ಒತ್ತಿ ಹಿಡಿದು, ಅದು ಮೊಳಗುವವರೆಗೆ ಕಾದ. ಆ ಭಾರವಾದ ನಾದ ಬಂದದ್ದು ಹೀಗೆ. ಗಿಟಾರ್ ಕಲಿಯಲು ಬರುವ ಹುಡುಗರು ಮೊದಲ ದಿನವೇ ವೇಗ ಬೇಕು ಅನ್ನುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಒಂದು ಸ್ವರವನ್ನು ಹಿಡಿದು ನಿಲ್ಲಿ. ನಿಧಾನ, ನಿಧಾನ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ.

ಎರಡನೆಯದು 'ವಾರ್ ಪಿಗ್ಸ್', ಯುದ್ಧ ಹೂಡಿಸುವ ದೊಡ್ಡವರ ಮೇಲಿನ ಸಿಟ್ಟು. ಗಿಟಾರ್ ಎರಡು ಏಟು ಹೊಡೆದು ಸುಮ್ಮನಾಗುತ್ತದೆ. ಡ್ರಮ್ ವಾದಕ ಬಿಲ್ ವಾರ್ಡ್ ಅವರ ತಾಳ ಮಾತ್ರ ಟಿಕ್ ಟಿಕ್ ಅನ್ನುತ್ತಿರುತ್ತದೆ. ಆ ಖಾಲಿಯಲ್ಲಿ ಗಾಯಕ ಓಜಿ ಆಸ್ಬೋರ್ನ್ ಒಬ್ಬರೇ ಹಾಡುತ್ತಾರೆ. ಆ ಬಿಡುವುಗಳನ್ನು ಕೇಳಿ, ದಯವಿಟ್ಟು!

ಮೂರನೆಯದು 'ಚಿಲ್ಡ್ರನ್ ಆಫ್ ದ ಗ್ರೇವ್', 1971ರದು. ಇದು ಓಡುವ ಹಾಡು, ಒಪ್ಪುತ್ತೇನೆ. ಆದರೆ ಇಲ್ಲಿ ತಂತಿಗಳನ್ನು ಒಂದೂವರೆ ಸ್ವರದಷ್ಟು ಇಳಿಸಿ ಸಡಿಲ ಮಾಡಿದ್ದಾರೆ. ಓಟದಲ್ಲೂ ಕಾಲು ನೆಲಕ್ಕೆ ಊರಿಕೊಂಡೇ ಇರುತ್ತದೆ. ನಾಲ್ಕನೆಯದು 'ಐರನ್ ಮ್ಯಾನ್'. ಗಿಟಾರಿನ ಧಾಟಿಯನ್ನೇ ಗಾಯಕರೂ ಹಿಡಿಯುತ್ತಾರೆ, ಅದಕ್ಕೇ ಒಂದು ಮೆಟ್ಟಿಲು ಕೆಳಗೆ.

ಐದನೆಯದು 'ಪ್ಯಾರನಾಯ್ಡ್'. ತುಂಬಾ ಜನಕ್ಕೆ ಗೊತ್ತಿರುವುದು ಇದೊಂದೇ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತ್ತು. ಆಲ್ಬಂಗೆ ಇನ್ನೂ ಒಂದು ಹಾಡು ಬೇಕು ಅಂದಾಗ ಅವಸರದಲ್ಲಿ ಕಟ್ಟಿದ್ದು, ಮೂರು ನಿಮಿಷವೂ ಇಲ್ಲ. 2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ತಂಡದ ಮೊದಲಿನ ನಾಲ್ವರೂ ಕೊನೆಯ ಸಲ ಸೇರಿದಾಗ, ಕೊನೆಗೆ ನುಡಿಸಿದ್ದೂ ಇದನ್ನೇ. ಆ ತಿಂಗಳಲ್ಲೇ ಓಜಿ ತೀರಿಕೊಂಡರು. ಅಂದು ಕಣ್ಣು ತುಂಬಿಕೊಂಡೇ ಕೇಳಿದ್ದೇನೆ. ಆದರೂ ನನ್ನ ಪಟ್ಟಿಯಲ್ಲಿ ಇದಕ್ಕೆ ಐದನೆಯ ಸ್ಥಾನವೇ. ವೇಗ ಜಾಸ್ತಿ ಆಯಿತು. ನಮಸ್ಕಾರ.