ಮೆಟ್ಟಿಲು ಇಳಿಯುವ ಕಾಲು

ನಮಸ್ಕಾರ. ಪಾದದ ಗಂಟಿನ, ಅಂದರೆ ಕಾಲು ಪಾದಕ್ಕೆ ಸೇರುವ ಕೀಲಿನ, ಆಪರೇಷನ್ ಆದವರು ಮುಂಬಯಿಯಲ್ಲಿ ಕೇಳುವುದು ಒಂದೇ ಪ್ರಶ್ನೆ. ಡೊಂಬಿವಲಿಯವರಾಗಲಿ, ಮಾಟುಂಗದವರಾಗಲಿ, 'ಲೋಕಲ್ ಯಾವಾಗ ಹತ್ತಬಹುದು?' ಹತ್ತುವುದು ಇರಲಿ, ದಾದರ್ ಸ್ಟೇಷನ್ ಸೇತುವೆಯ ಮೆಟ್ಟಿಲು ಇಳಿಯಬಲ್ಲಿರಾ ಎಂದು ಫಿಸಿಯೋಥೆರಪಿಸ್ಟ್ ಆದ ನಾನು ಕೇಳುತ್ತೇನೆ.

ಇಳಿಯುವುದೇ ಕಷ್ಟ. ಸಮತಟ್ಟಾದ ನೆಲದಲ್ಲಿ ನಡೆಯಲು ಪಾದ ಸುಮಾರು 10 ಡಿಗ್ರಿ ಮೇಲಕ್ಕೆ ಮಡಚಿದರೆ ಸಾಕು. ಮೆಟ್ಟಿಲು ಇಳಿಯಲು ಅದಕ್ಕಿಂತ ಜಾಸ್ತಿ ಬೇಕು. ವಾರಗಟ್ಟಲೆ ಪ್ಲಾಸ್ಟರ್‌ನಲ್ಲಿದ್ದ ಗಂಟು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಪ್ಲೇಟು, ಸ್ಕ್ರೂ ಹಾಕಿದವರಿಗೆ 6 ವಾರದವರೆಗೂ ಭಾರ ಊರಬೇಡಿ ಎನ್ನುವುದುಂಟು. ನಿಮ್ಮ ಲೆಕ್ಕ ನಿಮ್ಮ ಸರ್ಜನ್ ಹೇಳಿದ್ದೇ. ಆಗ ಮಲಗಿ, ದಿಂಬು ಪೇರಿಸಿ, ಕಾಲನ್ನು ಎದೆಗಿಂತ ಎತ್ತರದಲ್ಲಿಡಿ. ಬೆರಳು ಆಡಿಸುತ್ತಿರಿ. ಮೀನಖಂಡದಲ್ಲಿ ನೋವು, ಊತ ಅಥವಾ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಪ್ಲಾಸ್ಟರ್ ಬಿಚ್ಚಿ, ಡಾಕ್ಟರ್ ಒಪ್ಪಿದ ಮೇಲೆ ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ಎಲ್ಲರೂ ಎ ಬಿ ಸಿ ಬರೆಸುತ್ತಾರೆ, ನಾನು ಅ ಆ ಇ ಈ ಬರೆಸುತ್ತೇನೆ. ನಮ್ಮ ಅಕ್ಷರಗಳ ಸುರುಳಿಗೆ ಗಂಟು ಎಲ್ಲ ಕಡೆ ತಿರುಗಲೇಬೇಕು, ಅಲ್ವಾ? ಮೊಣಕಾಲು ಅಲ್ಲಾಡಿಸಿ ಮೋಸ ಮಾಡಬೇಡಿ. ಆಮೇಲೆ ಕಾಲು ಚಾಚಿ ಕೂತು, ಪಾದದ ಮುಂಭಾಗಕ್ಕೆ ಟವೆಲ್ ಹಾಕಿ, ನಿಧಾನವಾಗಿ ಎಳೆದು 30 ಸೆಕೆಂಡ್ ಹಿಡಿಯಿರಿ. ಎಳೆತ ಇರಲಿ, ಚುಚ್ಚುವ ನೋವು ಬೇಡ. ರಬ್ಬರ್ ಪಟ್ಟಿ, ಹಿಮ್ಮಡಿ ಎತ್ತುವುದು, ಇವೆಲ್ಲ ಮುಂದಿನ ಹಂತ.

ಹೆಚ್ಚಿನವರು ಕೈಬಿಡುವುದು ಸಮತೋಲನದ ಅಭ್ಯಾಸವನ್ನು. ಪಾದ ಎಷ್ಟು ವಾಲಿದೆ ಎಂದು ಗಂಟಿನ ಸುತ್ತಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪೆಟ್ಟಾದ ಮೇಲೆ ಆ ಸುದ್ದಿ ಸರಿಯಾಗಿ ಹೋಗುವುದಿಲ್ಲ. ಎಕ್ಸ್-ರೇಯಲ್ಲಿ ಮೂಳೆ ಕೂಡಿರುತ್ತದೆ, ಗಾಡಿ ಒಮ್ಮೆ ಜಗ್ಗಿದರೆ ಕಾಲು ಹೊರಳುತ್ತದೆ. ಹಾಗಾಗಿ ಪೂರ್ತಿ ಭಾರ ಊರಲು ಅನುಮತಿ ಸಿಕ್ಕ ಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲಿ. ನಂತರ ಕೈಬಿಟ್ಟು ನೋಡಿ. ಕಣ್ಣು ಮುಚ್ಚುವುದು ಕೊನೆಗೆ, ಅದೂ ಪಕ್ಕದಲ್ಲಿ ಯಾರಾದರೂ ಇದ್ದಾಗ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಊರುಗೋಲು ಎದುರು ಬದಿಯ ಕೈಯಲ್ಲಿರಲಿ. ಎಡಗಾಲಿಗೆ ಆಪರೇಷನ್ ಆಗಿದ್ದರೆ ಬಲಗೈಯಲ್ಲಿ. ಮೊದಲ ಸವಾರಿ ಮಧ್ಯಾಹ್ನದ ಖಾಲಿ ಗಾಡಿಯಲ್ಲಿ, ಮಳೆ ಇಲ್ಲದ ದಿನ.

ಸಂಜೆಯ ಸ್ವಲ್ಪ ಊತ ತಿಂಗಳುಗಟ್ಟಲೆ ಇರಬಹುದು, ಸುಮ್ನೆ ಹೆದರಬೇಡಿ. ರಾತ್ರಿ ಮಲಗಿ ಎದ್ದರೂ ಇಳಿದಿಲ್ಲವೇ? ಆ ದಿನದ ವ್ಯಾಯಾಮ ಅರ್ಧ ಮಾಡಿ. ಹಾಗೇ ಮುಂದುವರಿದರೆ ಡಾಕ್ಟರಿಗೆ ತೋರಿಸಿ.